ತಾಯಂದಿರ ಆರೋಗ್ಯ ಸಂಶೋಧನೆಯ ಫಲವನ್ನು ಗಡಿಭಾಗದ ಹೆರಿಗೆ ಕೋಣೆಗಳಿಗೆ ತಲುಪಿಸಬೇಕೆಂದು ಕೋರುವ ಮನವಿ ಪತ್ರ

ಗೆ,
ಪ್ರಧಾನ ಕಾರ್ಯದರ್ಶಿಗಳು,
ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಇಲಾಖೆ,
ಕರ್ನಾಟಕ ಸರಕಾರ, ಬೆಂಗಳೂರು.

ಮುಖಾಂತರ: ಉಪವಿಭಾಗಾಧಿಕಾರಿಗಳು, ಚಿಕ್ಕೋಡಿ.

ಮಾನ್ಯರೇ,

ದೂಧಗಂಗೆಯ ದಂಡೆಯ ಸದಲಗಾ ಪಟ್ಟಣದವರೂ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳ ಗ್ರಾಮವಾಸಿಗಳೂ ಆದ ನಾವು, ಬಸುರಿ ಬಾಣಂತಿಯರ ಪ್ರಾಣರಕ್ಷಣೆಗೆ ಸಂಬಂಧಿಸಿದ ಒಂದು ನ್ಯಾಯದ ವಿಷಯವನ್ನು ತಮ್ಮ ಅವಗಾಹನೆಗೆ ತರಬಯಸಿ ವಿನಯಪೂರ್ವಕವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ:

ಬೆಳಗಾವಿಯ ಜವಾಹರಲಾಲ ನೆಹರೂ ವೈದ್ಯಕೀಯ ಮಹಾವಿದ್ಯಾಲಯದ ಸಂಶೋಧಕರು ಅಮೆರಿಕದ ವಿದ್ವಾಂಸರೊಡಗೂಡಿ 2002ರಿಂದ 2005ರವರೆಗೆ ನಮ್ಮ ಜಿಲ್ಲೆಯ ಹಳ್ಳಿಗಳಲ್ಲಿ ನಡೆಸಿದ ಒಂದು ಪ್ರಯೋಗವು ಜಗತ್ತಿನ ವೈದ್ಯಶಾಸ್ತ್ರದಲ್ಲಿ ಸ್ಥಿರವಾದ ಸ್ಥಾನವನ್ನು ಪಡೆದಿದೆ. ಹೆರಿಗೆಯ ನಂತರದ ರಕ್ತಸ್ರಾವವನ್ನು ತಡೆಯುವ ಆಕ್ಸಿಟೋಸಿನ್ ಚುಚ್ಚುಮದ್ದನ್ನು ತಂಪಿನಲ್ಲಿ ಕಾಯ್ದಿಡಬೇಕಾಗುವುದರಿಂದಲೂ ಅದನ್ನು ಕೊಡಲು ಪರಿಣತಿ ಬೇಕಾಗುವುದರಿಂದಲೂ, ವಿದ್ಯುತ್ತೇ ನೆಚ್ಚಿಗೆಯಿಲ್ಲದ ಊರುಗಳಲ್ಲಿ ನುಂಗಿಸಬಹುದಾದ ಮಿಸೊಪ್ರೊಸ್ಟಾಲ್ ಗುಳಿಗೆಯು ಅದೇ ಕಾರ್ಯವನ್ನು ಸಾಧಿಸಬಲ್ಲುದೇ ಎಂಬುದು ಆ ಪ್ರಯೋಗದ ಪ್ರಶ್ನೆಯಾಗಿತ್ತು. ಉಪಕೇಂದ್ರಗಳ ಎ.ಎನ್.ಎಂ. ಸಿಸ್ಟರುಗಳ ಕೈಯಿಂದಲೇ ಔಷಧವನ್ನು ಕೊಡಿಸಿದ ಈ ಪ್ರಯೋಗದಲ್ಲಿ 1,620 ತಾಯಂದಿರು ಪಾಲ್ಗೊಂಡರು. ಒಂದು ಪಂಗಡಕ್ಕೆ ನಿಜವಾದ ಗುಳಿಗೆಯೂ ಇನ್ನೊಂದಕ್ಕೆ ನೋಟಕ್ಕೆ ಅಂತಹದೇ ಆದರೂ ಔಷಧವಿಲ್ಲದ ಗುಳಿಗೆಯೂ ದೊರೆಯಿತು. ಔಷಧವಿಲ್ಲದ ಪಂಗಡದಲ್ಲಿ ನೂರಕ್ಕೆ 12 ಮಂದಿಗೆ ಆದ ಅತಿಸ್ರಾವವು ಔಷಧ ಪಡೆದವರಲ್ಲಿ 6.4ಕ್ಕೆ ಇಳಿಯಿತೆಂದು 2006ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಈ ಉಪಯೋಗಕ್ಕಾಗಿ ಆ ಗುಳಿಗೆಯನ್ನು ಅತ್ಯಾವಶ್ಯಕ ಔಷಧಗಳ ಪಟ್ಟಿಗೆ ಸೇರಿಸಿತು. ಔಷಧವಿಲ್ಲದ ಗುಳಿಗೆಯನ್ನು ನುಂಗಿದ ಆ ಹೆಣ್ಣುಮಕ್ಕಳು ತಮಗೆ ಏನೊಂದೂ ಲಾಭವಿಲ್ಲದೆ ಲೋಕದ ತಾಯಂದಿರಿಗೆಲ್ಲ ಉಪಕಾರ ಮಾಡಿದರೆಂಬುದನ್ನು ಸರಕಾರವು ಮರೆಯಲಾಗದು.

ಇದಕ್ಕಿಂತಲೂ ಹೆಚ್ಚಾಗಿ ತಮ್ಮ ಗಮನವನ್ನು ಸೆಳೆಯಬೇಕಾದ ವಸ್ತುವೊಂದಿದೆ. ಸ್ರಾವವನ್ನು ಕಣ್ಣಂದಾಜಿನಿಂದ ಹೇಳಿದರೆ ಅದು ಬಹುಮಟ್ಟಿಗೆ ಕಡಮೆಯಾಗಿಯೇ ತೋರುವುದೆಂದು ತಿಳಿದ ಆ ಸಂಶೋಧಕರು, ಕೂಸು ಹುಟ್ಟಿದೊಡನೆ ತಾಯಿಯ ಸೊಂಟದ ಕೆಳಗೆ ಹಾಸಿ ನಡುವಿಗೆ ಕಟ್ಟುವ ಒಂದು ಪ್ಲಾಸ್ಟಿಕ್ ಹಾಳೆಯನ್ನು ರೂಪಿಸಿದರು. ಅದರ ತುದಿಯು ಲಾಳಿಕೆಯಂತೆ ಕಿರಿದಾಗಿ ಇಳಿಬಿದ್ದಿರುತ್ತದೆ; ಅದರ ಮೇಲೆ ಮಿಲಿಲೀಟರಿನ ಗೆರೆಗಳಿರುತ್ತವೆ; ರಕ್ತವು 500ರ ಗೆರೆಯನ್ನು ಮುಟ್ಟಿತೆಂದರೆ ಸಿಸ್ಟರಿಗೆ ಇನ್ನು ಯೋಚಿಸುತ್ತ ನಿಲ್ಲುವ ಕಾರಣವಿಲ್ಲ. ಅಳತೆಯ ಇಂತಹ ಹಾಳೆಯೊಡನೆ ತಕ್ಷಣದ ಚಿಕಿತ್ಸೆಯ ಕ್ರಮವೊಂದನ್ನು ಜೋಡಿಸಿ ಕೆನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ತಾಂಜಾನಿಯಾ ದೇಶಗಳ 80 ಆಸ್ಪತ್ರೆಗಳಲ್ಲಿ ಎರಡು ಲಕ್ಷಕ್ಕೂ ಮಿಕ್ಕ ಹೆರಿಗೆಗಳ ಮೇಲೆ ನಡೆಸಿದ ಪರೀಕ್ಷೆಯು, ತೀವ್ರ ಸ್ರಾವ ಮತ್ತು ಅದರಿಂದಾಗುವ ಅನಾಹುತಗಳು ನೂರಕ್ಕೆ 60ರಷ್ಟು ತಗ್ಗುವುವೆಂದು 2023ರಲ್ಲಿ ತೋರಿಸಿಕೊಟ್ಟಿತು. ಬೆಳಗಾವಿಯಲ್ಲಿ ಹುಟ್ಟಿದ ವಿಚಾರವು ಆಫ್ರಿಕಾ ಖಂಡದ ತಾಯಂದಿರನ್ನು ಉಳಿಸಿತೆಂಬುದು ನಮಗೆ ಹೆಮ್ಮೆ. ಆದರೆ ಅದೇ ಜಿಲ್ಲೆಯ ಹೆರಿಗೆ ಕೋಣೆಯಲ್ಲಿ ಒಬ್ಬಳೇ ತಾಯಿಯ ಸ್ರಾವವನ್ನಾದರೂ ಇನ್ನೂ ಅರಿವೆಯ ಒದ್ದೆಯನ್ನು ನೋಡಿ ಅಂದಾಜಿಸುವುದಾದರೆ ಅದನ್ನು ಅನ್ಯಾಯವೆನ್ನದೆ ಬೇರೇನೆಂದು ಕರೆಯುವುದು? ಆದುದರಿಂದ ಈ ಐದು ತಾಲೂಕುಗಳ ಪ್ರತಿಯೊಂದು ಸರಕಾರಿ ಹೆರಿಗೆ ಕೋಣೆಯಲ್ಲಿ, ಪ್ರತಿಯೊಂದು ಹೆರಿಗೆಗೂ ಅಳತೆಯ ಹಾಳೆಯು ಕಡ್ಡಾಯವಾಗಿ ದೊರೆಯಬೇಕು; ಅದರ ಪೂರೈಕೆಯು ಯಾವುದೇ ಸಂಶೋಧನಾ ಯೋಜನೆಯ ಅವಧಿಗೆ ಕಟ್ಟುಬೀಳದೆ ಇಲಾಖೆಯ ಕಾಯಂ ಖರೀದಿಯಲ್ಲಿ ಸೇರಬೇಕು ಎಂಬುದು ನಮ್ಮ ಪ್ರಥಮ ಬೇಡಿಕೆ.

ಬಾಣಂತಿ ನಂಜಿನ ವಿಷಯದಲ್ಲಿಯೂ ಇದೇ ಮಾತು ಸಲ್ಲುತ್ತದೆ. ಬೆಳಗಾವಿಯವರೂ ಸೇರಿದಂತೆ ಏಳು ದೇಶಗಳ 29,278 ಗರ್ಭಿಣಿಯರು ಪಾಲ್ಗೊಂಡ ಪರೀಕ್ಷೆಯಲ್ಲಿ, ಹೆರಿಗೆಯ ವೇಳೆಗೆ ಒಂದೇ ಸಲ ನುಂಗಿಸಿದ ಎರಡು ಗ್ರಾಂ ಅಜಿಥ್ರೊಮೈಸಿನ್ ಔಷಧವು ತಾಯಿಯ ನಂಜು ಅಥವಾ ಮರಣವನ್ನು ನೂರಕ್ಕೆ 2.4ರಿಂದ 1.6ಕ್ಕೆ ಇಳಿಸಿತೆಂದು 2023ರಲ್ಲಿ ಪ್ರಕಟವಾಗಿದೆ. ಇಂತಹ ಔಷಧವನ್ನು ವಿವೇಚನೆಯಿಲ್ಲದೆ ಹಂಚಿದರೆ ರೋಗಾಣುಗಳು ಅದಕ್ಕೆ ಮಣಿಯದಂತಾಗುವ ಭಯವೂ ಉಂಟೆಂಬುದನ್ನು ನಾವು ಬಲ್ಲೆವು; ನಾಳೆಯೇ ಹಂಚಿರೆಂದು ನಮ್ಮ ಆಗ್ರಹವಿಲ್ಲ. ತಜ್ಞರ ಸಮಿತಿಯೊಂದು ಈ ಬಗ್ಗೆ ನಿರ್ಣಯ ಕೈಗೊಂಡು, ಅದು ಪರವಾಗಿರಲಿ ವಿರುದ್ಧವಾಗಿರಲಿ, ಸಕಾರಣವಾಗಿ ಪ್ರಕಟಿಸಬೇಕು.

ಇನ್ನು ಈ ಸೀಮೆಗೇ ವಿಶಿಷ್ಟವಾದ ಸಂಗತಿಯನ್ನು ಕುರಿತು. ನಮ್ಮಲ್ಲಿ ಕುಬಸ ಮಾಡಿ ಮಗಳನ್ನು ಚೊಚ್ಚಲ ಹೆರಿಗೆಗೆ ತವರಿಗೆ ಕರೆದೊಯ್ಯುವುದು ರೂಢಿ. ತವರು ಇಚಲಕರಂಜಿಯೋ ಕುರುಂದವಾಡವೋ ಆದರೆ ಆಕೆ ರಾಜ್ಯದ ಎಲ್ಲೆಯನ್ನೇ ದಾಟಿದಂತಾಯಿತು. ಇಲ್ಲಿಯ ತಾಯಿ ಕಾರ್ಡಿನಲ್ಲಿ ಬರೆದ ರಕ್ತದೊತ್ತಡವೂ ರಕ್ತಹೀನತೆಯೂ ಅಲ್ಲಿಯ ವೈದ್ಯರ ಕಣ್ಣಿಗೆ ಸಕಾಲದಲ್ಲಿ ಬೀಳಬೇಕು. ಅಲ್ಲಿ ಆಕೆಗೆ ಆದುದು ಇಲ್ಲಿಯ ದಾಖಲೆಗೆ ಮರಳಬೇಕು. ಅಂತೆಯೇ, ಕಬ್ಬು ನುರಿಸುವ ಹಂಗಾಮಿನಲ್ಲಿ ಬೀಡ ಮುಂತಾದ ಕಡೆಗಳಿಂದ ಗ್ಯಾಂಗುಗಳೊಡನೆ ಬಂದು ಹೊಲದ ಬದುವಿನ ಗುಡಿಸಲುಗಳಲ್ಲಿ ತಿಂಗಳುಗಟ್ಟಲೆ ಬಾಳುವ ಹೆಣ್ಣುಮಕ್ಕಳನ್ನು, ಊರಿನ ಕಾಯಂ ನಿವಾಸಿಗಳನ್ನೇ ಎಣಿಸುವ ಸಮೀಕ್ಷೆಯು ಕಾಣಲಾರದು. ಹೊಟ್ಟೆಯಲ್ಲಿ ಏಳು ತಿಂಗಳ ಕೂಸನ್ನು ಹೊತ್ತು ತಲೆಯ ಮೇಲೆ ಕಬ್ಬಿನ ಹೊರೆಯನ್ನು ಹೊತ್ತವಳು ಯಾವ ಪಟ್ಟಿಯಲ್ಲಿಯೂ ಇಲ್ಲವಾದರೆ ಆಕೆಯ ಸಾವೂ ಯಾವ ಪಟ್ಟಿಗೂ ಸೇರದು. ನಿಪ್ಪಾಣಿಯ ತಂಬಾಕಿನ ವಖಾರಗಳಲ್ಲಿ ದುಡಿಯುವವರ, ಮನೆಯಲ್ಲಿ ಕುಳಿತು ಬೀಡಿ ಕಟ್ಟುವವರ ಗರ್ಭದ ಮೇಲೆ ಆ ಧೂಳು ಏನು ಮಾಡುತ್ತಿದೆಯೆಂಬುದು ಕೂಡ ಇಲ್ಲಿಯೇ, ಇವರನ್ನೇ ಕುರಿತು ಅಧ್ಯಯನವಾಗತಕ್ಕ ವಿಷಯ. ಮುಂದಿನ ಸಂಶೋಧನೆಗಳಲ್ಲಿ ಈ ಮೂರು ವರ್ಗದ ಸ್ತ್ರೀಯರನ್ನು ಸೇರಿಸಿಕೊಳ್ಳಬೇಕೆಂದೂ, ಕೊಲ್ಲಾಪುರ ಮತ್ತು ಸಾಂಗಲಿ ಜಿಲ್ಲೆಗಳ ಆರೋಗ್ಯಾಧಿಕಾರಿಗಳೊಡನೆ ತಾಯಿ ಕಾರ್ಡಿನ ವಿವರಗಳ ವಿನಿಮಯಕ್ಕೆ ವ್ಯವಸ್ಥೆಯಾಗಬೇಕೆಂದೂ ಬೇಡುತ್ತೇವೆ.

ಮಳೆಗಾಲದಲ್ಲಿ ಮಲಿಕವಾಡ–ದತ್ತವಾಡ, ಕಾರದಗಾ–ಭೋಜ ಸೇತುವೆಗಳು ಮುಳುಗುವುದು ತಮಗೆ ತಿಳಿದ ವಿಷಯ. ಸೇತುವೆ ಮುಳುಗಿದ ದಿನ ರಕ್ತಸ್ರಾವವಾದ ತಾಯಿಗೆ ದೂರದ ಊರಿನ ರಕ್ತನಿಧಿಯು ಇದ್ದೂ ಇಲ್ಲದಂತೆ; ಆದಕಾರಣ ನದಿಯ ಈ ಮಗ್ಗುಲಲ್ಲಿಯೇ ರಕ್ತ ಸಂಗ್ರಹ ಘಟಕವು ಬೇಕು.

ಕಡೆಯದಾಗಿ, ಸಂಶೋಧನೆಯಲ್ಲಿ ಪಾಲ್ಗೊಳ್ಳುವ ಹೆಣ್ಣುಮಗಳಿಂದ ಪಡೆಯುವ ಒಪ್ಪಿಗೆಯ ಪತ್ರವು ಆಕೆಗೆ ತಿಳಿಯುವ ಕನ್ನಡದಲ್ಲಿ, ಮರಾಠಿ ಮನೆಯವಳಾದರೆ ಮರಾಠಿಯಲ್ಲಿ, ಓದಿ ಹೇಳಲ್ಪಡಬೇಕು. ಪ್ರಯೋಗವು ಮುಗಿದ ಮೇಲೆ ಅದರ ಫಲಿತಾಂಶವನ್ನು ಆಶಾ ಕಾರ್ಯಕರ್ತೆಯರ ಮೂಲಕ ಆಕೆಯ ಮನೆಬಾಗಿಲಿಗೆ ಮುಟ್ಟಿಸಬೇಕು.

2018–20ರ ಅವಧಿಯಲ್ಲಿ ಲಕ್ಷ ಜೀವಂತ ಜನನಗಳಿಗೆ ಕೇರಳದಲ್ಲಿ 19 ತಾಯಂದಿರು ಮರಣ ಹೊಂದಿದರೆ ಕರ್ನಾಟಕದಲ್ಲಿ 69 ಮಂದಿ ಮರಣ ಹೊಂದಿದರು. ಈ ಅಂತರವನ್ನು ಅಳಿಸುವ ಜ್ಞಾನದ ಒಂದು ಭಾಗವು ನಮ್ಮ ಜಿಲ್ಲೆಯಲ್ಲಿಯೇ ದೊರೆತಿರುವುದರಿಂದ, ಮೇಲ್ಕಂಡ ಬೇಡಿಕೆಗಳ ಮೇಲೆ ಇಲಾಖೆಯು ಕೈಗೊಳ್ಳುವ ಕ್ರಮವನ್ನು ಬರುವ ಮಳೆಗಾಲಕ್ಕೆ ಮುಂಚಿತವಾಗಿ ಲಿಖಿತ ರೂಪದಲ್ಲಿ ನಮಗೆ ತಿಳಿಸಬೇಕೆಂದು ಪ್ರಾರ್ಥಿಸುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಸದಲಗಾ ಹಾಗೂ ಸುತ್ತಲಿನ ಗ್ರಾಮಗಳ ನಾಗರಿಕರು