ಲೋಡು ಕಡಿಮೆಯಾದಾಗ ಮಾಲೀಕರನ್ನು ಬದಲಿಸಬೇಕೇ?



ಉಮರ್ಗಾ ಕಡೆಯಿಂದ ಒಬ್ಬ ಸಹೋದರಿ ನಮಗೆ ಬರೆದಿದ್ದಾರೆ. ಪತಿ ಲಾರಿ ಚಾಲಕರು. ಹದಿನಾಲ್ಕು ಲಾರಿಗಳಿರುವ ಒಬ್ಬ ಸೇಠರ ಬಳಿ ಕೆಲಸ. ಬರುವ ಕ್ರಿಸ್ಮಸ್ ಹಬ್ಬಕ್ಕೆ ಅಲ್ಲಿ ಐದು ವರ್ಷ ತುಂಬುತ್ತದೆ. ಮೊದಲು ತಿಂಗಳಿಗೆ ಎಂಟು ಟ್ರಿಪ್ ಸಿಗುತ್ತಿದ್ದದ್ದು ಈಗ ನಾಲ್ಕಕ್ಕೆ ಇಳಿದಿದೆ. ಸೊಲ್ಲಾಪುರದ ಇನ್ನೊಬ್ಬ ಟ್ರಾನ್ಸ್‌ಪೋರ್ಟಿನವರು ಹೆಚ್ಚಿನ ದುಡ್ಡಿಗೆ ಕರೆಯುತ್ತಿದ್ದಾರೆ. "ನಾ ಬಿಡ್ರಿ ಅಂತೀನಿ, ಅವರು ಸೇಠಗ ಹ್ಯಾಂಗ ಹೇಳಲಿ ಅಂತಾರ. ಮನ್ಯಾಗ ದಿನಾ ಇದೇ ಮಾತು" ಎಂದು ಆ ತಾಯಿ ಬರೆದಿದ್ದಾರೆ. ಇದು ಒಂದು ಮನೆಯ ಮಾತಲ್ಲವೆಂದು ನಮಗೆ ಅನಿಸಿದ್ದರಿಂದ ಈ ಸಲ ಇದನ್ನೇ ಎತ್ತಿಕೊಂಡಿದ್ದೇವೆ.

ಆ ಸೀಮೆಯನ್ನು ಬಲ್ಲವರಿಗೆ ಹೆಚ್ಚು ಹೇಳಬೇಕಾಗಿಲ್ಲ. 1956ರ ರಾಜ್ಯ ಪುನರ್ವಿಂಗಡಣೆಯ ತನಕ ನಿಲಂಗಾ, ಉದಗೀರ ತಾಲ್ಲೂಕುಗಳು ಬೀದರ ಜಿಲ್ಲೆಯಲ್ಲೇ ಇದ್ದವು. ಅನಂತರ ಮಹಾರಾಷ್ಟ್ರದ ಪಾಲಾದವು. ಉಮರ್ಗಾ ಈಗ ಧಾರಾಶಿವ ಎಂದು ಹೆಸರಾಗಿರುವ ಉಸ್ಮಾನಾಬಾದ್ ಜಿಲ್ಲೆಯಲ್ಲಿದೆ. ಅಲ್ಲಿನ ಎಷ್ಟೋ ಚಾಲಕರು ಮನೆಯಲ್ಲಿ ಕನ್ನಡ, ಮಾಲೀಕರ ಮುಂದೆ ಮರಾಠಿ, ರಸ್ತೆಯ ಮೇಲೆ ಹಿಂದಿ ಆಡುತ್ತಾರೆ. ಭೂಮಿ ಮಳೆಯನ್ನು ನಂಬಿದ್ದು. ಪುಣೆಯಿಂದ ಸೊಲ್ಲಾಪುರ, ಉಮರ್ಗಾ, ಹುಮನಾಬಾದ್ ಹಾದು ಹೈದರಾಬಾದಿಗೆ ಹೋಗುವ ಹೆದ್ದಾರಿ, ಹಿಂದಿನ 9, ಈಗಿನ 65, ಊರ ಮುಂದೆಯೇ ಇದೆ. ಹೊಲ ಕೈಕೊಟ್ಟ ಮನೆಯ ಮಗ ಸ್ಟೇರಿಂಗ್ ಹಿಡಿಯುವುದರಲ್ಲಿ ಆಶ್ಚರ್ಯವೇನಿಲ್ಲ.

ಲೋಡು ಇಳಿಯುವುದಕ್ಕೆ ಒಂದೇ ಕಾರಣವಿರುವುದಿಲ್ಲ. ಮಳೆ ಹೋದರೆ ತೊಗರಿ, ಸೋಯಾಬೀನ್ ಲಾತೂರು, ಉದಗೀರದ ಮಾರುಕಟ್ಟೆಗೆ ಬರುವುದಿಲ್ಲ. ದಾಲ್ ಮಿಲ್ಲಿನ ಮುಂದೆ ಲಾರಿ ನಿಂತೇ ಇರುತ್ತದೆ. 2016ರ ಏಪ್ರಿಲ್‌ನಲ್ಲಿ ಲಾತೂರಿಗೆ ಮೀರಜದಿಂದ ರೈಲಿನಲ್ಲಿ ಕುಡಿಯುವ ನೀರು ತಂದ ಬರಗಾಲ ನಿಮಗೆ ನೆನಪಿದ್ದೀತು. 2008ರಲ್ಲಿ ಅಮೆರಿಕದ ಬ್ಯಾಂಕುಗಳು ಮುಳುಗಿದಾಗ ಅದರ ಬಿಸಿ ನಮ್ಮ ಹೆದ್ದಾರಿಗೂ ತಟ್ಟಿತು. ಸರಕು ಇಳಿಯಿತು, ಸಾಲದ ಕಂತು ಮಾತ್ರ ಇಳಿಯಲಿಲ್ಲ. 2009ರ ಜನವರಿಯಲ್ಲಿ ದೇಶದಾದ್ಯಂತ ಲಾರಿ ಮಾಲೀಕರ ಮುಷ್ಕರವೂ ನಡೆಯಿತು. 2020ರ ಮಾರ್ಚ್ 25ರಿಂದ ಲಾಕ್‌ಡೌನ್ ಬಂದಾಗಿನ ಕಥೆ ಹೇಳುವುದೇ ಬೇಡ.

ಇವುಗಳ ನಡುವೆ ಎಷ್ಟೋ ಚಾಲಕರ ಲೆಕ್ಕಕ್ಕೆ ಬಾರದೆ ಹೋದ ಒಂದು ಸಂಗತಿಯಿದೆ. 2018ರ ಜುಲೈನಲ್ಲಿ ಸರ್ಕಾರ ಲಾರಿಗಳ ಭಾರದ ಮಿತಿಯನ್ನು ಹೆಚ್ಚಿಸಿತು. ಮೂರು ಆಕ್ಸಲಿನ ಹತ್ತು ಚಕ್ರದ ಲಾರಿಯ ಒಟ್ಟು ತೂಕದ ಮಿತಿ 25 ಟನ್ನಿನಿಂದ 28.5 ಟನ್ನಿಗೆ ಏರಿತು. ಮಾಲೀಕರಿಗೆ ಒಳ್ಳೆಯದೇ. ಆದರೆ ಅದೇ ಸರಕು ಕಡಿಮೆ ಟ್ರಿಪ್ಪಿನಲ್ಲಿ ಸಾಗಿದರೆ, ಟ್ರಿಪ್ಪಿನ ಭತ್ಯೆಯನ್ನೇ ನಂಬಿದ ಚಾಲಕನ ಕೈಗೆ ಬರುವುದೂ ಕಡಿಮೆ. ಮರುವರ್ಷ ಮಾರುಕಟ್ಟೆಯೂ ಕುಸಿದಾಗ ಹೊಸ ಲಾರಿಗಳ ಮಾರಾಟ ಬಿದ್ದುಹೋಯಿತು. ಆದ್ದರಿಂದ ಟ್ರಿಪ್ ಇಳಿದ ಮಾತ್ರಕ್ಕೆ ನಮ್ಮ ಸೇಠರು ಕೆಟ್ಟವರಾದರು ಎಂದು ತಿಳಿಯುವುದು ಸರಿಯಲ್ಲ. ಸೊಲ್ಲಾಪುರದವರ ಲಾರಿಗಳೂ ಅದೇ ರಸ್ತೆಯ ಮೇಲೆ ಓಡಬೇಕು.

ಹಾಗಾದರೆ ಅವರು ಹೆಚ್ಚು ದುಡ್ಡು ಕೊಡುತ್ತೇವೆ ಎನ್ನುವುದು ಹೇಗೆ? ಕಾಗದ ಪೆನ್ನು ತೆಗೆದುಕೊಂಡು ಕೂರೋಣ. ಲೆಕ್ಕಕ್ಕೆಂದು ಹೀಗೆ ಇಟ್ಟುಕೊಳ್ಳಿ: ಈಗಿರುವ ಕಡೆ ತಿಂಗಳಿಗೆ 12,000 ಖಾಯಂ ಸಂಬಳ, ಮೇಲೆ ಟ್ರಿಪ್ಪಿಗೆ 1,000 ಉಳಿಕೆ. ಹೊಸ ಕಡೆ ಖಾಯಂ ಸಂಬಳವಿಲ್ಲ, ಟ್ರಿಪ್ಪಿಗೆ 3,000. ಆರು ಟ್ರಿಪ್ ಆದರೆ ಎರಡೂ ಕಡೆ 18,000, ವ್ಯತ್ಯಾಸವೇ ಇಲ್ಲ. ಎಂಟು ಟ್ರಿಪ್ ಆದರೆ ಹೊಸ ಕಡೆ 24,000, ಹಳೆಯ ಕಡೆ 20,000. ನಾಲ್ಕೇ ಆದರೆ ಹೊಸ ಕಡೆ 12,000, ಹಳೆಯ ಕಡೆ 16,000. ಅಂದರೆ ಮಾರುಕಟ್ಟೆ ಏರಿದಾಗ ಹೊಸ ಜಾಗ ಲಾಭ, ಬಿದ್ದಾಗ ಹಳೆಯದೇ ಲಾಭ. ಬಿದ್ದ ಕಾಲದಲ್ಲಿ ಟ್ರಿಪ್ಪಿನ ಮೇಲೆ ದುಡ್ಡು ಕೊಡುತ್ತೇವೆ ಎನ್ನುವವರು ತಮ್ಮ ನಷ್ಟದ ಭಾರವನ್ನು ಚಾಲಕನ ತಲೆಯ ಮೇಲೆ ಇಡುತ್ತಿದ್ದಾರೆ ಎಂಬುದು ನಮ್ಮ ಅಭಿಪ್ರಾಯ. ನಿಮ್ಮ ಮನೆಯ ಅಂಕಿಗಳು ಬೇರೆ ಇರಬಹುದು, ಲೆಕ್ಕ ಮಾಡುವ ಬಗೆ ಇದೇ.

ಆದ್ದರಿಂದ ಸಂಬಳ ಎಷ್ಟು ಎನ್ನುವ ಮೊದಲು ಲೋಡು ಯಾರದು ಎಂದು ಕೇಳಬೇಕು. ವಾಡಿ, ಸೇಡಂ, ಮಳಖೇಡದ ಸಿಮೆಂಟು ಕಾರ್ಖಾನೆಗಳಂಥ ಕಡೆ ವರ್ಷದ ಗುತ್ತಿಗೆ ಇರುವ ಮಾಲೀಕರಿಗೆ ಲೋಡು ಒಂದಿಷ್ಟು ಗ್ಯಾರಂಟಿ. ದಿನಾ ಬೆಳಿಗ್ಗೆ ಏಜೆಂಟರಿಗೆ ಫೋನು ಮಾಡಿ ಬಾಡಿಗೆ ಹುಡುಕುವವರಿಗೆ ಅದಿಲ್ಲ. ರಿಟರ್ನ್ ಲೋಡು ಸಿಗುತ್ತದೆಯೋ, ಸಿಗದಿದ್ದರೆ ನಿಂತ ದಿನಗಳ ಊಟದ ಖರ್ಚು ಯಾರದು ಎಂಬುದನ್ನೂ ಕೇಳಬೇಕು. ಮಾಲೀಕರನ್ನು ಕೇಳುವುದಕ್ಕಿಂತ ಅವರ ಚಾಲಕರನ್ನು ಧಾಬಾದಲ್ಲಿ ಕೇಳುವುದು ಮೇಲು. 2020ರಲ್ಲಿ ಲಾರಿಗಳು ನಿಂತಾಗ ಆ ಮಾಲೀಕರು ತಮ್ಮ ಜನರಿಗೆ ಏನು ಕೊಟ್ಟರು? ಇದೊಂದು ಪ್ರಶ್ನೆಗೆ ಸಿಗುವ ಉತ್ತರ ಬಹಳಷ್ಟನ್ನು ಹೇಳುತ್ತದೆ. ಇನ್ನೂ ಕೆಟ್ಟ ದಿನ ಬಂದು ಜನರನ್ನು ತೆಗೆಯುವಾಗ, ಕೊನೆಗೆ ಸೇರಿದವರನ್ನೇ ಮೊದಲು ತೆಗೆಯುತ್ತಾರೆ ಎಂಬುದನ್ನೂ ಮರೆಯಬಾರದು.

ಇನ್ನು ಆ ಐದು ವರ್ಷದ ಮಾತು. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಸತತ ಐದು ವರ್ಷ ಸೇವೆ ಮಾಡಿದ ಖಾಯಂ ನೌಕರನಿಗೆ ಗ್ರಾಚ್ಯುಟಿ ಸಿಗಬೇಕು. ಇದು 1972ರ ಕಾಯ್ದೆಯಲ್ಲಿತ್ತು, 2025ರ ನವೆಂಬರ್ 21ರಿಂದ ಜಾರಿಯಾದ ಹೊಸ ಕಾರ್ಮಿಕ ಸಂಹಿತೆಯಲ್ಲೂ ಇದೆ. ಕೊನೆಯ ತಿಂಗಳ ಸಂಬಳವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸೇವೆಯ ವರ್ಷಗಳಿಂದ ಮತ್ತೆ ಗುಣಿಸಿದರೆ ಮೊತ್ತ ಬರುತ್ತದೆ. 12,000 ಸಂಬಳಕ್ಕೆ ಐದು ವರ್ಷಕ್ಕೆ ಸುಮಾರು 34,600 ರೂಪಾಯಿ. ಕೆಲವೇ ತಿಂಗಳು ಮೊದಲು ಬಿಟ್ಟರೆ ಈ ಹಣಕ್ಕೆ ಕುತ್ತು. ಮಕ್ಕಳ ಶಾಲೆಯ ಫೀಸಿಗೆ ಸಾಲ ಮಾಡುವ ಮನೆಗೆ ಇದು ಸಣ್ಣ ಮೊತ್ತವಲ್ಲ. ಆದರೆ "ನಮ್ಮಲ್ಲಿ ಐದು ವರ್ಷ ಇದ್ದ" ಎಂಬುದಕ್ಕೆ ಕಾಗದ ಬೇಕು. ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಬಿದ್ದ ಸಂಬಳ, ಹಳೆಯ ಬಿಲ್ಟಿಗಳ ಮೇಲಿನ ಚಾಲಕನ ಹೆಸರು, ಭವಿಷ್ಯ ನಿಧಿಯ ಖಾತೆ, ಇವನ್ನೆಲ್ಲ ಈಗಿನಿಂದಲೇ ಒಂದು ಚೀಲದಲ್ಲಿ ಕೂಡಿಡಬೇಕು. ಇಪ್ಪತ್ತು ಅಥವಾ ಹೆಚ್ಚು ಜನರಿರುವ ಕಡೆ ಭವಿಷ್ಯ ನಿಧಿ ಕಡ್ಡಾಯ. ಹದಿನಾಲ್ಕು ಲಾರಿಗೆ ಚಾಲಕರು, ಕ್ಲೀನರುಗಳು ಸೇರಿದರೆ ಆ ಸಂಖ್ಯೆ ದಾಟುವುದು ಸಹಜ. ಕೆಲಸ ಬದಲಿಸಿದರೆ ಆ ಹಣವನ್ನು ತೆಗೆದು ಖರ್ಚು ಮಾಡಬೇಡಿ, ಅದೇ ಯುಎಎನ್ ನಂಬರಿನಲ್ಲಿ ಹೊಸ ಕಡೆಗೆ ವರ್ಗಾಯಿಸಿ. ಪಿಂಚಣಿಗೆ ಹತ್ತು ವರ್ಷದ ಸೇವೆ ಬೇಕಾಗುತ್ತದೆ.

"ಸೇಠಗ ಹ್ಯಾಂಗ ಹೇಳಲಿ" ಎಂಬ ಮಾತಿಗೆ ಬರೋಣ. ಇದನ್ನು ಹೇಡಿತನವೆನ್ನಲು ನಾವು ಸಿದ್ಧರಿಲ್ಲ. ತಂಗಿಯ ಮದುವೆಗೆ, ತಾಯಿಯ ಆಪರೇಷನ್ನಿಗೆ ರಾತ್ರೋರಾತ್ರಿ ಉಚಲ ಕೊಟ್ಟವರು ಅವರೇ ಇರುತ್ತಾರೆ. ಆ ಋಣ ನಿಜವಾದದ್ದು. ಆದರೆ ಋಣ ಬೇರೆ, ಕಟ್ಟು ಬೇರೆ. ಉಚಲ ತೀರುವ ತನಕ ಬೇರೆಲ್ಲೂ ಹೋಗಕೂಡದು, ಲೈಸೆನ್ಸ್ ಕೊಡುವುದಿಲ್ಲ ಎಂದು ಯಾರಾದರೂ ಹೇಳಿದರೆ ಅದು ತಪ್ಪು. ಸಾಲಕ್ಕೆ ಮನುಷ್ಯನನ್ನು ದುಡಿಮೆಗೆ ಕಟ್ಟಿಹಾಕುವುದನ್ನು 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ನಿಷೇಧಿಸಿದೆ. ಸಾಲವನ್ನು ಸಾಲವಾಗಿ ತೀರಿಸಬೇಕು, ಕಂತು ಗೊತ್ತುಮಾಡಿ ಚೀಟಿ ಬರೆದುಕೊಳ್ಳಬೇಕು. ಸೊಲ್ಲಾಪುರದವರು ಆ ಉಚಲವನ್ನು ತಾವೇ ಕಟ್ಟುತ್ತೇವೆ ಎಂದರೆ ಹಿಗ್ಗಬೇಡಿ, ಹಗ್ಗದ ತುದಿ ಕೈ ಬದಲಿಸಿತು ಅಷ್ಟೇ.

ಹೊಸ ಲಾರಿಯನ್ನೂ ನೋಡಿಯೇ ಹತ್ತಬೇಕು. ಎಂಪರಿವಾಹನ್ ಆ್ಯಪಿನಲ್ಲಿ ಲಾರಿಯ ನಂಬರು ಹಾಕಿದರೆ ವಿಮೆ, ಫಿಟ್‌ನೆಸ್ ಯಾವ ತಾರೀಖಿನ ತನಕ ಇದೆ ಎಂದು ತಿಳಿಯುತ್ತದೆ. ವಿಮೆ ಮುಗಿದ ಲಾರಿಯಲ್ಲಿ ಏನಾದರೂ ಆದರೆ ಬೀದಿಗೆ ಬೀಳುವುದು ಚಾಲಕನ ಸಂಸಾರ. ಹೆಚ್ಚು ಭಾರ ಹೇರಿಸುವವರಾದರೆ, 2019ರ ತಿದ್ದುಪಡಿಯ ಪ್ರಕಾರ ದಂಡ 20,000 ರೂಪಾಯಿ, ಮೇಲಿನ ಪ್ರತಿ ಟನ್ನಿಗೆ ಇನ್ನೂ 2,000. ಓಡಿಸಿದವನೂ ಅದಕ್ಕೆ ಹೊಣೆ. ದಿನಕ್ಕೆ ಎಂಟು ಗಂಟೆಯ ದುಡಿಮೆ ಎಂಬ ನಿಯಮ 1961ರಿಂದಲೂ ಪುಸ್ತಕದಲ್ಲಿದೆ, ರಸ್ತೆಯ ಮೇಲೆ ಎಷ್ಟಿದೆ ಎಂಬುದು ನಿಮಗೇ ಗೊತ್ತು. ತಿಂಗಳಿಗೆ ಆರು ಟ್ರಿಪ್ಪಿನ ಆಸೆಗೆ ನಿದ್ದೆಗೆಟ್ಟು ಓಡಿಸುವುದಾದರೆ ಆ 18,000ಕ್ಕೆ ಅರ್ಥವಿಲ್ಲ. ಲಾರಿ ನಿಲ್ಲುವುದು ಉಮರ್ಗಾದಲ್ಲೋ ಸೊಲ್ಲಾಪುರದಲ್ಲೋ ಎಂಬುದೂ ಮುಖ್ಯ. ಸುಮಾರು ನೂರು ಕಿಲೋಮೀಟರ್ ದೂರದಲ್ಲಿ ನಿಲ್ಲಿಸಿ ಬಸ್ಸಿನಲ್ಲಿ ಬರುವ ತಂದೆ ಮಕ್ಕಳಿಗೆ ಎಷ್ಟು ದಿನ ಸಿಗುತ್ತಾರೆ?

ಆ ಸಹೋದರಿಗೆ ನಮ್ಮ ಉತ್ತರ ಇದು. ಸಂಬಳ ತಿಂಗಳು ತಿಂಗಳು ಕೈಗೆ ಬರುತ್ತಿದ್ದರೆ ಕ್ರಿಸ್ಮಸ್ ಕಳೆಯಲಿ. ಅಷ್ಟರೊಳಗೆ ನಿಮ್ಮ ಯಜಮಾನರು ಸೇಠರ ಎದುರು ಕೂತು, "ಸೇಠ್, ನಾಲ್ಕು ಟ್ರಿಪ್ಪಿನಾಗ ಮನಿ ನಡಿಯಂಗಿಲ್ಲ, ಏನಾರ ದಾರಿ ಹೇಳ್ರಿ" ಎಂದು ನೇರವಾಗಿ ಕೇಳಲಿ. ಪಳಗಿದ ಚಾಲಕನನ್ನು ಕಳೆದುಕೊಳ್ಳುವುದು ಮಾಲೀಕರಿಗೂ ನಷ್ಟವೇ. ಸಕ್ಕರೆ ಕಾರ್ಖಾನೆಯ ಹಂಗಾಮಿನಲ್ಲಿ ಬೇರೆ ಗಾಡಿಗೆ ಹೋಗಿಬರಲು ಅವರೇ ಒಪ್ಪಲೂಬಹುದು. ಆದರೆ ಸಂಬಳ ಎರಡು ತಿಂಗಳಿನಿಂದ ನಿಂತಿದ್ದರೆ ನಮ್ಮ ಮಾತು ಬೇರೆ. ಆಗ ಗ್ರಾಚ್ಯುಟಿಗೆಂದು ಕಾಯುವುದು ಬೇಡ, ಬಾಕಿ ಬೆಳೆಯುತ್ತಲೇ ಹೋಗುತ್ತದೆ.

ಬಿಡುವುದೆಂದು ನಿಶ್ಚಯವಾದರೆ ರಾತ್ರಿ ಕೀಲಿ ಎಸೆದು ಬರಬಾರದು. ರಾಜೀನಾಮೆ ಬರೆದು ಕೊಟ್ಟು ಅದರ ಪ್ರತಿಯ ಮೇಲೆ ಸಹಿ ಹಾಕಿಸಿಕೊಳ್ಳಿ. ಬಿಟ್ಟ ಮೇಲೆ ಎರಡು ಕೆಲಸದ ದಿನಗಳೊಳಗೆ ಬಾಕಿ ಸಂಬಳ ಕೊಡಬೇಕೆಂದು ಹೊಸ ವೇತನ ಸಂಹಿತೆ ಹೇಳುತ್ತದೆ. ಗ್ರಾಚ್ಯುಟಿಗೆ ಬೇರೆ ಅರ್ಜಿ ಕೊಡಬೇಕು. ಜಾಕು, ಸ್ಟೆಪ್ನಿ, ತಾಡಪತ್ರಿ, ಹಗ್ಗ, ಗಾಡಿಯ ಕಾಗದಗಳು, ಟ್ಯಾಂಕಿನ ಡೀಸೆಲ್ಲು, ಮೀಟರಿನ ಕಿಲೋಮೀಟರ್ ಎಲ್ಲವನ್ನೂ ಎಣಿಸಿ ಒಪ್ಪಿಸಿ ಫೋಟೋ ತೆಗೆದಿಡಿ. ಉಚಲ ತೀರಿದ್ದರೆ ಹಳೆಯ ಚೀಟಿಯನ್ನು ಅವರ ಎದುರಿಗೇ ಹರಿಸಿ, ತೀರದಿದ್ದರೆ ಉಳಿದದ್ದೆಷ್ಟು ಎಂದು ಹೊಸ ಚೀಟಿ ಬರೆಸಿ ಒಂದು ಪ್ರತಿ ಮನೆಗೆ ತನ್ನಿ.