ದೂರದ ಲೆಕ್ಕವೂ ಗಡಿಯಾರದ ಲೆಕ್ಕವೂ

ಕೆಲವು ವರ್ಷಗಳ ಹಿಂದೆ, ಜನವರಿ ತಿಂಗಳ ಒಂದು ಶನಿವಾರ ಸಂಜೆ, ಬೆಂಗಳೂರಿನ ನಮ್ಮ ನೆರೆಮನೆಯ ವೃದ್ಧ ಗೃಹಿಣಿಯೊಬ್ಬರು ಚೀಟಿಯೊಂದನ್ನು ಹಿಡಿದು ನಮ್ಮಲ್ಲಿಗೆ ಬಂದರು. ಅವರ ಯಜಮಾನರು ಹಾಸಿಗೆ ಹಿಡಿದಿದ್ದರು. ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿದ್ದ ಮಗನು ಶನಿವಾರ ರಾತ್ರಿ ಎಂಟೂವರೆಗೆ ಹೊರಟು, ಸೋಮವಾರ ಬೆಳಗಿನ ಜಾವ ನಾಲ್ಕರ ಸುಮಾರಿಗೆ ಇಲ್ಲಿಗೆ ಮುಟ್ಟುವನೆಂದು ಚೀಟಿಯಲ್ಲಿತ್ತು. “ಇನ್ನು ಸ್ವಲ್ಪ ಹೊತ್ತಿಗೆ ಅವನು ವಿಮಾನ ಹತ್ತಿಬಿಡುತ್ತಾನೆ. ಆಮೇಲೆ ಮೂವತ್ತು ಘಂಟೆಗೂ ಮೇಲೆ ಅವನ ದನಿಯೇ ಇಲ್ಲ. ಇವರು ಅಷ್ಟು ಹೊತ್ತು ತಾಳುತ್ತಾರೆಯೆ?” ಎಂದು ಆಕೆ ಕಣ್ಣೊರಸಿಕೊಂಡರು.

ಆ ತಾಯಿಯ ಲೆಕ್ಕದಲ್ಲಿದ್ದ ತಪ್ಪು ಅನೇಕ ಮನೆಗಳಲ್ಲಿ ಆಗತಕ್ಕದ್ದೇ. ಚೀಟಿಯಲ್ಲಿ ಹೊರಡುವ ಹೊತ್ತು ಆ ಊರಿನದು, ಮುಟ್ಟುವ ಹೊತ್ತು ಈ ಊರಿನದು. ಚಳಿಗಾಲದಲ್ಲಿ ನಮ್ಮ ಗಡಿಯಾರವು ಅಲ್ಲಿಯದಕ್ಕಿಂತ 13½ ಘಂಟೆ ಮುಂದಿರುವುದು. ಮಾರ್ಚಿಯಿಂದ ನವೆಂಬರಿನವರೆಗೆ ಅಲ್ಲಿಯವರು ತಮ್ಮ ಗಡಿಯಾರವನ್ನು ಒಂದು ಘಂಟೆ ಮುಂದಕ್ಕೆ ತಿರುಗಿಸಿಕೊಳ್ಳುವುದರಿಂದ ಅಂತರವು 12½ ಘಂಟೆಗೆ ಇಳಿಯುವುದು. ಆದಕಾರಣ ಅಲ್ಲಿಯ ಶನಿವಾರ ರಾತ್ರಿ ಎಂಟೂವರೆಯೆಂದರೆ ನಮಗೆ ಭಾನುವಾರ ಬೆಳಗಿನ ಹತ್ತು ಘಂಟೆ. ಪ್ರಯಾಣವು ಹದಿನೆಂಟು ಘಂಟೆಗೂ ತುಸು ಕಡಮೆಯೇ.

ಈ ಎರಡು ನಗರಗಳ ನಡುವೆ ಸುಮಾರು 14,000 ಕಿಲೋಮೀಟರು, ಎಂದರೆ 8,700 ಮೈಲಿ. ಗೋಡೆಯ ಭೂಪಟವನ್ನು ನೋಡಿದರೆ ದಾರಿಯು ಯೂರೋಪನ್ನೂ ಅಟ್ಲಾಂಟಿಕ್ ಸಾಗರವನ್ನೂ ನೇರವಾಗಿ ಹಾದುಹೋಗಬೇಕೆಂದು ತೋರುವುದು. ಮಕ್ಕಳ ಗೋಲದ ಮೇಲೆ ಒಂದು ದಾರವನ್ನು ಬಿಗಿಯಾಗಿ ಎಳೆದು ನೋಡಿದರೆ ನಿಜವು ತಿಳಿಯುವುದು. ಊರುಗಳೆರಡೂ ಭೂಮಿಯ ಹೆಚ್ಚುಕಡಮೆ ಎದುರುಬದುರು ಮಗ್ಗುಲುಗಳಲ್ಲಿರುವುದರಿಂದ ಅತಿ ಹತ್ತಿರದ ದಾರಿಯು ಉತ್ತರಧ್ರುವದ ಕಡೆಗೆ ಬಾಗಿ ಹಾಯುವುದು. 2021ನೆಯ ಜನವರಿ 9ರಂದು ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟ ಏರ್ ಇಂಡಿಯಾ ವಿಮಾನವು ಈ ಧ್ರುವಮಾರ್ಗವಾಗಿಯೇ ಬಂದು, 11ರ ಬೆಳಗಿನ ಜಾವ ಬೆಂಗಳೂರಿನಲ್ಲಿ ಇಳಿಯಿತು. ಅದನ್ನು ನಡೆಸಿದವರೆಲ್ಲರೂ ಮಹಿಳೆಯರು. ಜೋಯಾ ಅಗರ್‌ವಾಲ್ ಅವರು ನಾಯಕಿ.

ಹತ್ತಿರದ ದಾರಿಯೆಂದ ಮಾತ್ರಕ್ಕೆ ಹಾರಾಟದ ಹೊತ್ತೇ ಪ್ರಯಾಣದ ಹೊತ್ತೆಂದು ತಿಳಿಯಬಾರದು. ಮನೆಯಿಂದ ನಿಲ್ದಾಣಕ್ಕೆ ಹೋಗುವುದು, ಅಲ್ಲಿಯ ತಪಾಸಣೆ, ನಡುವೆ ವಿಮಾನ ಬದಲಿಸಬೇಕಾದರೆ ಕಾಯುವಿಕೆ, ಇವುಗಳನ್ನೂ ಕೂಡಿಸಬೇಕು. ಹೊರಡುವ ಹೊತ್ತನ್ನೂ ಮುಟ್ಟುವ ಹೊತ್ತನ್ನೂ ನಮ್ಮ ಗಡಿಯಾರಕ್ಕೇ ತಿರುಗಿಸಿ ಒಂದು ಕಾಗದದಲ್ಲಿ ಬರೆದಿಟ್ಟುಕೊಂಡರೆ, ಕಷ್ಟಕಾಲದಲ್ಲಿ ಮನಸ್ಸಿಗೆ ಎಷ್ಟೋ ನೆಮ್ಮದಿ.

ಇದನ್ನು ಆ ತಾಯಿಗೆ ವಿವರಿಸಿ, “ಅಮ್ಮಾ, ಅಲ್ಲಿ ಈಗಿನ್ನೂ ಬೆಳಗಾಗುತ್ತಿದೆ. ನಿಮ್ಮ ಮಗ ಮನೆಯಲ್ಲಿಯೇ ಇದ್ದಾನೆ” ಎಂದೆವು. ಆಕೆ ಒಡನೆಯೇ ಎದ್ದು ಹೋದರು. ಆ ರಾತ್ರಿ ತಂದೆಯೂ ಮಗನೂ ದೂರವಾಣಿಯಲ್ಲಿ ಬಹಳ ಹೊತ್ತು ಮಾತನಾಡಿದರು. ಸೋಮವಾರ ಮಗನು ಬಂದಾಗ ತಂದೆಗೆ ಮಾತು ನಿಂತಿತ್ತು. ಆದರೆ ಗುರುತು ಹಿಡಿದು, ಅವನ ಕೈಯನ್ನು ಬಿಡಲಿಲ್ಲ.