ಫಲಕದ ಒಡಲಲ್ಲಿ ಏನಿದೆ?

ಪೇಟೆಯ ಬ್ಯಾಂಕು, ಆಸ್ಪತ್ರೆ, ಜವಳಿ ಮಳಿಗೆಗಳ ಮುಂಭಾಗ ಇಂದು ಬೆಳ್ಳಿಯಂತೆ ಹೊಳೆಯುತ್ತದೆ. ಕಲ್ಲು, ಇಟ್ಟಿಗೆಗಳಿದ್ದಲ್ಲಿಗೆ ಕಾರ್ಖಾನೆಯಲ್ಲಿ ಸಿದ್ಧಗೊಂಡ ಫಲಕಗಳು ಬಂದಿವೆ. ಕೆಲಸ ಬೇಗ ಮುಗಿಯುತ್ತದೆ, ಕಟ್ಟಡದ ಭಾರವೂ ತಗ್ಗುತ್ತದೆ. ಆದರೆ ಫಲಕಗಳೆಲ್ಲ ಒಂದೇ ಬಗೆಯವಲ್ಲ.

ಭಾರ ಹೊರಬಲ್ಲದ್ದು ಕಾಂಕ್ರೀಟು ಫಲಕ. ಒಳಕೋಣೆಗಳನ್ನು ಬೇರ್ಪಡಿಸುವುದು ಜಿಪ್ಸಮ್ ಫಲಕ. ಅದರ ಹರಳುಗಳಲ್ಲಿ ಸೇರಿಕೊಂಡಿರುವ ನೀರು ಕಾವು ತಗಲಿದಾಗ ಆವಿಯಾಗಿ, ಬೆಂಕಿಯನ್ನು ಕೆಲಕಾಲ ತಡೆಯುತ್ತದೆ. ಶೀತಲಗೃಹಗಳಲ್ಲಿ ಕಾಣುವುದು ಎರಡು ಉಕ್ಕಿನ ತಗಡುಗಳ ನಡುವೆ ನೊರೆಯಂಥ ಪಾಲಿಯುರೆಥೇನನ್ನೋ ಕಲ್ಲುನಾರನ್ನೋ ತುಂಬಿದ ಫಲಕ. ಮಳಿಗೆಗಳ ಹೊಳಪಿಗೆ ಕಾರಣವಾದುದು ಅಲ್ಯೂಮಿನಿಯಮ್ ಸಂಯುಕ್ತ ಫಲಕ: ಎರಡು ತೆಳು ಹಾಳೆಗಳು, ನಡುವೆ ಒಂದು ತಿರುಳು. ಆ ತಿರುಳು ಹೊರಗಣ್ಣಿಗೆ ಕಾಣದು; ಅಪಾಯವಿರುವುದು ಅಲ್ಲಿಯೇ.

2017ರ ಜೂನ್ 14ರಂದು ಲಂಡನ್ನಿನ 24 ಅಂತಸ್ತಿನ ಗ್ರೆನ್‌ಫೆಲ್ ವಸತಿಗೋಪುರದಲ್ಲಿ, ಒಂದು ಅಡುಗೆಮನೆಯಲ್ಲಿ ಹೊತ್ತಿದ ಕಿಡಿ ಹೊರಗೋಡೆಗೆ ತಗುಲಿತು. ನವೀಕರಣದ ವೇಳೆ ಅಲ್ಲಿ ಹೊದಿಸಿದ್ದ ಫಲಕಗಳ ತಿರುಳು ಪಾಲಿಎಥಿಲೀನ್, ಅಂದರೆ ಸುಲಭವಾಗಿ ಕರಗಿ ಉರಿಯುವ ಪ್ಲಾಸ್ಟಿಕ್. ಜ್ವಾಲೆ ಗೋಡೆಯನ್ನೇರಿ ಗೋಪುರವನ್ನು ಸುತ್ತುವರಿಯಿತು. 72 ಮಂದಿ ಅಸುನೀಗಿದರು.

ಅದೇ ನಗರದಲ್ಲಿ 1968ರ ಮೇ ತಿಂಗಳಲ್ಲಿ ಬೇರೊಂದು ಪಾಠ ದೊರೆತಿತ್ತು. ಕಾಂಕ್ರೀಟು ಫಲಕಗಳನ್ನು ಜೋಡಿಸಿ ಕಟ್ಟಿದ್ದ ರೋನನ್ ಪಾಯಿಂಟ್ ಎಂಬ ಕಟ್ಟಡದ 18ನೆಯ ಅಂತಸ್ತಿನಲ್ಲಿ ಅನಿಲ ಸ್ಫೋಟಿಸಿತು. ಗೋಡೆಯ ಫಲಕ ಸಂದಿನಿಂದ ಕಳಚಿ ಹೊರಬಿದ್ದೊಡನೆ ಮೇಲಿನ ಅಂತಸ್ತುಗಳು ಆಸರೆ ತಪ್ಪಿ ಕುಸಿದವು. ಆ ಭಾರಕ್ಕೆ ಕೆಳಗಿನವೂ ಉರುಳಿ, ಒಂದು ಮೂಲೆಯೇ ನೆಲಕಚ್ಚಿತು. ನಾಲ್ವರು ಮಡಿದರು. ಫಲಕದ ಬಲವೊಂದೇ ಸಾಲದು, ಬೆಸೆಯುವ ಸಂದೂ ಬಲವಾಗಿರಬೇಕು.

ಪಾಲಕರೇ, ನಮ್ಮ ಮಕ್ಕಳ ಶಾಲೆಗೆ ನಾಳೆ ಇಂಥ ಫಲಕಗಳ ಕೊಠಡಿ ಬರಬಹುದು. ಇಕ್ಕಟ್ಟಿನಲ್ಲಿ ನಡೆಯುವ ಶಾಲೆಗೆ ಬೇಗನೆ ಏಳುವ ಕೊಠಡಿ ವರವೇ ಸರಿ. ಆದರೂ ಪಾಲಕರ ಸಭೆಯಲ್ಲಿ ಮೂರು ಪ್ರಶ್ನೆಗಳನ್ನು ಕೇಳಿರಿ: ತಿರುಳು ಯಾವುದು? ಬೆಂಕಿ ಪರೀಕ್ಷೆಯ ಪ್ರಮಾಣಪತ್ರ ಎಲ್ಲಿದೆ? ಮಕ್ಕಳು ಹೊರಬರಲು ಎರಡನೆಯ ಬಾಗಿಲು ಇದೆಯೇ? ಕಾಗದಗಳು ನಮಗೆ ತಿಳಿಯದ ಭಾಷೆಯಲ್ಲಿದ್ದರೆ ಓದಿ ಹೇಳೆಂದು ಕೇಳಲು ಸಂಕೋಚ ಬೇಡ. ಗೋಡೆ ನಿಂತ ಬಳಿಕ ತಿರುಳನ್ನು ಬದಲಿಸುವುದು ಕಷ್ಟ. ಅದಕ್ಕೆ ಮುನ್ನ ಕೇಳುವುದಕ್ಕೆ ಖರ್ಚಿಲ್ಲ.